ಮಳೆಗಾಲದ ಫ್ಲೂ: ಹಾಸ್ಟೆಲ್ ವಿದ್ಯಾರ್ಥಿಗೆ ಲಸಿಕೆ ಏಕೆ, ಯಾವಾಗ?

ಜುಗೂಳ: ಕೃಷ್ಣಾ ನದಿಯ ದಂಡೆಯಲ್ಲಿರುವ ಕಾಗವಾಡ ತಾಲ್ಲೂಕಿನ ಈ ಗ್ರಾಮಕ್ಕೆ ಮಳೆಗಾಲವೆಂದರೆ ಮೊದಲು ನೆನಪಾಗುವುದು 2019 ಮತ್ತು 2021ರ ಮಹಾಪೂರ. ಅದೇ ಋತುವಿನಲ್ಲಿ ಬರುವ ಇನ್‌ಫ್ಲುಯೆಂಜಾ ಜ್ವರ ಅಷ್ಟಾಗಿ ಸುದ್ದಿಯಾಗುವುದಿಲ್ಲ. ಭಾರತದಲ್ಲಿ ಈ ಸೋಂಕು ವರ್ಷಕ್ಕೆ ಎರಡು ಬಾರಿ ಏರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ಉತ್ತರಾರ್ಧದಲ್ಲಿ ಇನ್ನೊಮ್ಮೆ.

ಗಡಿಭಾಗದ ವಿದ್ಯಾರ್ಥಿಗಳಿಗೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯವೂ ದೂರವಲ್ಲ. ಒಂದೇ ಕೋಣೆಯಲ್ಲಿ ಮೂರು-ನಾಲ್ಕು ಮಂದಿಯ ವಾಸ, ರಜೆ ಬಂದೊಡನೆ ತುಂಬಿದ ಬಸ್ಸಿನಲ್ಲಿ ಊರಿಗೆ ಪಯಣ. ತರುಣನಿಗೆ ನಾಲ್ಕು ದಿನಗಳ ಜ್ವರವಾಗಿ ಮುಗಿಯುವ ಸೋಂಕು, ಮನೆಯಲ್ಲಿರುವ ಮಧುಮೇಹಿ ಅಜ್ಜಿಗೆ ನ್ಯುಮೋನಿಯಾ ಆಗಬಲ್ಲದು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಸೋಂಕಿನಿಂದ ಮೃತಪಟ್ಟ ಹಾಸನ ಜಿಲ್ಲೆಯ ವ್ಯಕ್ತಿ ಎಂಬತ್ತು ದಾಟಿದ ವೃದ್ಧರು.

ಹಾಗೆಂದು ಯುವಕರು ಸುರಕ್ಷಿತರೆಂದೂ ಹೇಳಲಾಗದು. 1918ರಲ್ಲಿ ಮುಂಬಯಿ ಬಂದರಿನ ಮೂಲಕ ಬಂದು ರೈಲು ಮಾರ್ಗಗಳಗುಂಟ ಒಳನಾಡಿಗೆ ಹಬ್ಬಿದ ಫ್ಲೂ, ದೇಶದಲ್ಲಿ ಒಂದು ಕೋಟಿಗೂ ಅಧಿಕ ಜನರನ್ನು ಬಲಿ ತೆಗೆದುಕೊಂಡಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಸತ್ತವರಲ್ಲಿ 20ರಿಂದ 40ರ ಪ್ರಾಯದವರೇ ಹೆಚ್ಚೆಂಬುದು ಆ ಪಿಡುಗಿನ ವೈಶಿಷ್ಟ್ಯ. 2009ರ ಆಗಸ್ಟ್‌ನಲ್ಲಿ ಎಚ್1ಎನ್1ಗೆ ದೇಶದ ಮೊದಲ ಬಲಿಯಾದದ್ದು ಪುಣೆಯ 14 ವರ್ಷದ ಶಾಲಾ ಬಾಲಕಿ. ಆಗ 'ಹಂದಿಜ್ವರ'ವೆಂದು ಭಯ ಹುಟ್ಟಿಸಿದ ಆ ವೈರಾಣು ಇಂದು ಋತುಮಾನದ ಫ್ಲೂಗಳಲ್ಲಿ ಒಂದಾಗಿ ಉಳಿದುಕೊಂಡಿದೆ.

ಪ್ರತಿವರ್ಷ ಲಸಿಕೆ ಏಕೆ ಎಂಬ ಪ್ರಶ್ನೆ ಸಹಜ. ಫ್ಲೂ ವೈರಾಣು ತನ್ನ ಹೊರಮೈಯನ್ನು ನಿರಂತರ ಬದಲಿಸುತ್ತದೆ. ಲಸಿಕೆಯಿಂದ ದೊರೆತ ರಕ್ಷಣೆಯೂ ತಿಂಗಳುಗಳಲ್ಲಿ ಕುಗ್ಗುತ್ತದೆ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ, ಉತ್ತರಾರ್ಧಗೋಳಕ್ಕೆ ಫೆಬ್ರವರಿಯಲ್ಲಿ ಮತ್ತು ದಕ್ಷಿಣಾರ್ಧಗೋಳಕ್ಕೆ ಸೆಪ್ಟೆಂಬರ್‌ನಲ್ಲಿ, ಲಸಿಕೆಯ ಘಟಕಗಳನ್ನು ಸೂಚಿಸುತ್ತದೆ. ವೈರಾಣುವಿಗೆ ಹೊಂದಿಕೆಯಾದ ವರ್ಷದಲ್ಲಿಯೂ ಲಸಿಕೆ ವೈದ್ಯರ ಬಳಿ ಹೋಗುವಂತಹ ಜ್ವರವನ್ನು ಶೇ 40ರಿಂದ 60ರಷ್ಟು ಮಾತ್ರ ತಗ್ಗಿಸುತ್ತದೆ. ಸಾಮಾನ್ಯ ನೆಗಡಿಯನ್ನಂತೂ ತಡೆಯದು. 'ಚುಚ್ಚಿಸಿಕೊಂಡರೂ ನೆಗಡಿ ಬಂತು' ಎಂಬ ದೂರಿನ ಮೂಲ ಇದೇ. ಚುಚ್ಚುಮದ್ದಿನಲ್ಲಿ ಜೀವಂತ ವೈರಾಣು ಇರುವುದಿಲ್ಲವಾದ್ದರಿಂದ ಅದರಿಂದಲೇ ಫ್ಲೂ ಬರುವುದು ಅಸಾಧ್ಯ. ತೋಳು ನೋವು, ಒಂದೆರಡು ದಿನ ಮೈಕೈ ನೋವು ಕಾಣಿಸಬಹುದು.

ನಿಜವಾದ ಅಡ್ಡಿ ಹಣ. ಫ್ಲೂ ಲಸಿಕೆ ರಾಷ್ಟ್ರೀಯ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಒಂದು ಡೋಸಿಗೆ ಸಾವಿರ ರೂಪಾಯಿಗೂ ಮೀರಿ ತೆರಬೇಕಾಗುತ್ತದೆ. ತಿಂಗಳ ಮೆಸ್ ಬಿಲ್ಲಿಗೇ ಪರದಾಡುವ ರೈತನ ಮಗನಿಗೆ ಇದು ಸಣ್ಣ ಮೊತ್ತವಲ್ಲ. ಪ್ರವೇಶ ಶುಲ್ಕದೊಡನೆ ಕ್ರೀಡೆ, ಗ್ರಂಥಾಲಯಗಳಿಗೆಂದು ಹಣ ಪಡೆಯುವ ವಿಶ್ವವಿದ್ಯಾಲಯಗಳು ಸಗಟು ದರದಲ್ಲಿ ಲಸಿಕೆ ತರಿಸಿ ಹಾಸ್ಟೆಲ್‌ನಲ್ಲಿಯೇ ಶಿಬಿರ ನಡೆಸುವುದು ಅಸಾಧ್ಯವೇನಲ್ಲ. ಅಲ್ಲಿಯವರೆಗೆ ಆಸ್ತಮಾ, ಮಧುಮೇಹ, ಹೃದ್ರೋಗವುಳ್ಳ ವಿದ್ಯಾರ್ಥಿಗಳು ಮತ್ತು ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ನರ್ಸಿಂಗ್, ವೈದ್ಯಕೀಯ ವಿದ್ಯಾರ್ಥಿಗಳು ಮೊದಲು ಪಡೆಯುವುದು ಲೇಸು.

ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಆದಕಾರಣ ನಮ್ಮ ಭಾಗದಲ್ಲಿ ಮುಂಗಾರಿಗೆ ಮುನ್ನ, ಮೇ ತಿಂಗಳ ರಜೆಯಲ್ಲಿಯೇ ಹಾಕಿಸಿಕೊಳ್ಳುವುದು ಅನುಕೂಲ. ಹಿಂದೆ ಯಾವುದೇ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದಲ್ಲಿ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಲಸಿಕೆ ಪಡೆದ ಬಳಿಕವೂ ತೀವ್ರ ಜ್ವರದೊಂದಿಗೆ ಉಸಿರಾಟದ ತೊಂದರೆ ಕಂಡುಬಂದರೆ ಕಾಯುವಂತಿಲ್ಲ. ಒಸೆಲ್ಟಾಮಿವಿರ್ ಔಷಧಿ ಹೆಚ್ಚು ಫಲ ನೀಡುವುದು ಮೊದಲ 48 ಗಂಟೆಗಳಲ್ಲಿ ಆರಂಭಿಸಿದಾಗ.