ಬಿಸಿಯಾದರೆ ಮಾತ್ರ ನಿಲ್ಲುವ ಹೊಸ ಬೈಕು

‘ಸ್ವಂತ ಬೈಕ್ ಮತ್ತು ಡಿಎಲ್ ಕಡ್ಡಾಯ.’ ಡಿಎಂಎಲ್‌ಟಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹುಡುಕುವವರಿಗೆ ಓದಿನ ಅರ್ಹತೆಗಿಂತ ಮೊದಲು ಕಣ್ಣಿಗೆ ಬೀಳುವುದು ಈ ಸಾಲು. ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುವ ಕೆಲಸಕ್ಕೆ ಅಂಕಪಟ್ಟಿ ಎಷ್ಟು ಮುಖ್ಯವೋ ಬೈಕೂ ಅಷ್ಟೇ ಮುಖ್ಯ. ಸಾಲ ಮಾಡಿ ಹೊಸ ಬೈಕ್ ತಗೊಂಡಾಗ ಊರಿನಲ್ಲಿ ಕೆಲವರು ‘ಹುಡುಗ ಸಿಟಿ ಸೇರಿದ್ದೇ ಶೋಕಿ ಶುರು’ ಅಂದರಂತೆ. ಆನ್‌ರೋಡ್ 1.46 ಲಕ್ಷ ರೂಪಾಯಿ. ಅದರಲ್ಲಿ 40 ಸಾವಿರ ಅಪ್ಪ ರೇಷ್ಮೆಗೂಡು ಮಾರಿ ಕೊಟ್ಟಿದ್ದು. ಉಳಿದದ್ದಕ್ಕೆ ತಿಂಗಳಿಗೆ 4,150 ರೂಪಾಯಿಯಂತೆ 30 ಕಂತು. ಸಂಬಳ 19 ಸಾವಿರ, ಅದೂ ಮೂರು ತಿಂಗಳ ಪ್ರೊಬೇಷನ್. ಇಷ್ಟು ಲೆಕ್ಕದಲ್ಲಿ ಶೋಕಿಗೆ ಜಾಗ ಎಲ್ಲಿದೆ ಹೇಳಿ?

ನಾನಿರುವುದು ಗೊಟ್ಟಿಗೆರೆಯಲ್ಲಿ, ಅಕ್ಕ-ಭಾವನ ಮನೆಯಲ್ಲಿ. ಬೆಳಿಗ್ಗೆ ಆರಕ್ಕೆ ಹೊರಟು ಹುಳಿಮಾವು, ಅರಕೆರೆ, ಬಿಳೇಕಹಳ್ಳಿಯ ಮನೆಗಳನ್ನು ಮುಗಿಸಿ ಒಂಬತ್ತರ ಹೊತ್ತಿಗೆ ಜಯನಗರದ ಲ್ಯಾಬ್ ಕಡೆ ತಿರುಗಬೇಕು. ಬೈಕು 640 ಕಿ.ಮೀ. ಓಡಿದ್ದಾಗ ಒಂದು ದಿನ ಅರಕೆರೆ ಗೇಟ್ ಹತ್ತಿರ, ಮೆಟ್ರೊ ಕಂಬಗಳ ಕೆಳಗಿನ ಟ್ರಾಫಿಕ್‌ನಲ್ಲಿ ಎಂಜಿನ್ ಟಪ್ಪಂತ ನಿಂತಿತು. ಸೆಲ್ಫ್ ಒತ್ತಿದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಬದಿಗೆ ತಳ್ಳಿ ನಿಲ್ಲಿಸಿ ಹನ್ನೆರಡು ನಿಮಿಷ ಕಾದ ಮೇಲೆ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್! ಮೂರು ದಿನ ಬಿಟ್ಟು ಮತ್ತೆ ಅದೇ ಆಯಿತು.

ಬೇರೆ ಕೆಲಸದವರಿಗೆ ಹನ್ನೆರಡು ನಿಮಿಷ ದೊಡ್ಡದಲ್ಲ. ನನ್ನ ಬ್ಯಾಗಿನಲ್ಲಿ ಇರುತ್ತಿದ್ದದ್ದು ಖಾಲಿ ಹೊಟ್ಟೆಯಲ್ಲಿ ಕಾದು ಕುಳಿತ ಹಿರಿಯರ ರಕ್ತ. ತೆಗೆದ ರಕ್ತವನ್ನು ಹೊತ್ತಿಗೆ ಸರಿಯಾಗಿ ಬೇರ್ಪಡಿಸದಿದ್ದರೆ ಅದರಲ್ಲಿನ ಗ್ಲೂಕೋಸ್ ಇಳಿಯುತ್ತಾ ಹೋಗುತ್ತದೆ, ಪೊಟ್ಯಾಸಿಯಂ ಏರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ‘ನಾರ್ಮಲ್’ ಎಂಬ ರಿಪೋರ್ಟ್ ಹೋದರೆ ಅದರ ಹೊಣೆ ಯಾರದು? ಒಂದು ತಿಂಗಳಲ್ಲಿ ಎರಡು ಬಾರಿ ತಡವಾದಾಗ ಸೂಪರ್‌ವೈಸರ್ ಹೇಳಿದ್ದು ಒಂದೇ ಮಾತು: ‘ಬೈಕು ನಿಮ್ಮದು, ಟೈಮ್ ನಮ್ಮದು.’

ಶೋರೂಂನ ಹೆಸರು ಇಲ್ಲಿ ಬೇಡ. ಅಲ್ಲಿ ನಡೆದದ್ದು ಎಷ್ಟೋ ಕಡೆ ನಡೆಯುವಂಥದ್ದೇ. 702 ಕಿ.ಮೀ.ಗೆ ಮೊದಲ ಫ್ರೀ ಸರ್ವಿಸ್. ಅಡ್ವೈಸರ್ ‘ಹೊಸ ಬೈಕಲ್ವಾ ಸರ್, ಸೆಟ್ ಆಗೋಕೆ ಟೈಮ್ ಬೇಕು’ ಅನ್ನುತ್ತಾ ಜಾಬ್ ಕಾರ್ಡ್‌ನಲ್ಲಿ ‘ಜನರಲ್ ಚೆಕಪ್’ ಅಂತ ಬರೆದರು. ಅಲ್ಲಿ ನನಗೆ ನೆರವಾದದ್ದು ನನ್ನದೇ ವೃತ್ತಿ. ಲ್ಯಾಬ್‌ನಲ್ಲಿ ಲೇಬಲ್ ಇಲ್ಲದ ಟ್ಯೂಬ್ ಬಂದರೆ ಒಳಗೆ ಯಾರ ರಕ್ತವಿದ್ದರೂ ಅದನ್ನು ತಿರಸ್ಕರಿಸುತ್ತಾರೆ. ಹೆಸರು, ಸಮಯ, ಯಾವ ಪರೀಕ್ಷೆ ಎಂಬುದು ಅದರ ಮೇಲೆ ಬರೆದಿರಲೇಬೇಕು. ದೂರು ಬರೆಯದ ಜಾಬ್ ಕಾರ್ಡೂ ಲೇಬಲ್ ಇಲ್ಲದ ಟ್ಯೂಬ್ ಥರವೇ ಕಂಡಿತು. ‘ಸರ್, ಎಂಜಿನ್ ಬಿಸಿಯಾದ ಮೇಲೆ ಆಫ್ ಆಗುತ್ತೆ, ಎರಡು ಸಲ ಆಗಿದೆ ಅಂತ ಬರೀರಿ. ಆಮೇಲೆ ಸೈನ್ ಹಾಕ್ತೀನಿ’ ಅಂದೆ. ಮುಖ ಗಂಟಿಕ್ಕಿದರೂ ಬರೆದುಕೊಂಡರು. ಸಂಜೆ ಬೈಕ್ ಜೊತೆ ಬಂದ ಷರಾ: ‘ಪ್ಲಗ್ ಕ್ಲೀನ್ ಮಾಡಿದೆ. ಟ್ರಯಲ್ ಓಕೆ.’

1,130 ಕಿ.ಮೀ.ಗೆ ಎರಡನೇ ಸಲ ಹೋದೆ. ಈ ಬಾರಿ ತಪ್ಪು ಪೆಟ್ರೋಲಿನದು. ‘ಈಗೆಲ್ಲಾ ಇ20 ಅಲ್ವಾ ಸರ್, ನೀರು ಸೇರಿರುತ್ತೆ’ ಎಂದು ಟ್ಯಾಂಕ್ ಖಾಲಿ ಮಾಡಿದರು. 600 ರೂಪಾಯಿಯ ಪೆಟ್ರೋಲ್ ಹೋಯಿತು, ರೋಗ ಹೋಗಲಿಲ್ಲ. 1,420 ಕಿ.ಮೀ.ಗೆ ಮೂರನೇ ಸಲ. ಆಗ ತಪ್ಪು ನನ್ನದಾಯಿತು: ‘ನೀವು ಹಾಫ್ ಕ್ಲಚ್‌ನಲ್ಲಿ ಓಡಿಸ್ತೀರ ಅನ್ಸುತ್ತೆ.’ ಹಾಫ್ ಕ್ಲಚ್‌ನಿಂದ ಕ್ಲಚ್ ಪ್ಲೇಟ್ ಸವೆಯಬಹುದು. ನಿಂತ ಎಂಜಿನ್ ಹನ್ನೆರಡು ನಿಮಿಷ ಸ್ಟಾರ್ಟ್ ಆಗದೆ ಇರುವುದಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳಿದರೆ ಉತ್ತರವಿಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಪೀಕ್ ಅವರ್‌ನಲ್ಲಿ ಹಾಫ್ ಕ್ಲಚ್ ಹಿಡಿಯದೆ ಬೈಕ್ ಓಡಿಸುವವರು ಯಾರಾದರೂ ಇದ್ದರೆ ನನಗೂ ತೋರಿಸಿ.

ಅವರು ಬೇಕೆಂದೇ ಸುಳ್ಳು ಹೇಳುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ಬೀದಿಯಲ್ಲಿ ಸಣ್ಣ ಗ್ಯಾರೇಜ್ ಇಟ್ಟಿರುವ ಅಣ್ಣನೊಬ್ಬ ಇದನ್ನು ಬಿಡಿಸಿ ಹೇಳಿದ. ಆತ ಮೊದಲು ಶೋರೂಂ ಒಂದರ ವರ್ಕ್‌ಶಾಪ್‌ನಲ್ಲಿದ್ದವನು. ‘ನಾನು ಸ್ಪ್ಯಾನರ್ ಇಟ್ರೆ ನಿನ್ನ ವಾರಂಟಿಗೆ ಕಲ್ಲು ಬೀಳುತ್ತೆ, ಮುಟ್ಟಲ್ಲ. ಆದ್ರೆ ಕೇಳು. ರಾತ್ರಿಯೆಲ್ಲಾ ತಣ್ಣಗೆ ನಿಂತಿರೋ ಗಾಡೀನ ಹತ್ತು ನಿಮಿಷ ಓಡಿಸಿ ಓಕೆ ಅಂತಾರೆ. ನಿಂದು ನಲವತ್ತು ನಿಮಿಷ ಬೆಂದ ಮೇಲೆ ನಿಲ್ಲೋ ಗಾಡಿ. ಹೆಂಗ್ ಸಿಗುತ್ತೆ?’

ಆತನ ಅನುಮಾನ ಪಲ್ಸರ್ ಕಾಯಿಲ್ ಮೇಲಿತ್ತು. ಹೆಸರು ಕೇಳಿ ಬೈಕಿನ ಬ್ರ್ಯಾಂಡ್ ಅಂದುಕೊಳ್ಳಬೇಡಿ. ಎಂಜಿನ್ ಎಷ್ಟು ತಿರುಗಿದೆ ಎಂದು ಇಸಿಯುಗೆ ತಿಳಿಸುವ ಸಣ್ಣ ಸೆನ್ಸರ್ ಅದು. ಪೆಟ್ರೋಲ್ ಯಾವಾಗ ಚಿಮ್ಮಿಸಬೇಕು, ಕಿಡಿ ಯಾವಾಗ ಹಾರಿಸಬೇಕು ಎಂಬುದನ್ನು ಇಸಿಯು ಅದರ ಸಿಗ್ನಲ್ ನೋಡಿಯೇ ನಿರ್ಧರಿಸುತ್ತದೆ. ಒಳಗಿನ ತಂತಿಯಲ್ಲಿ ದೋಷವಿದ್ದರೆ ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ‘ನಿಂತಾಗ ಸೆಲ್ಫ್ ಒತ್ತುತ್ತಾ ಮೀಟರ್ ವಿಡಿಯೊ ಮಾಡು. ಎಂಜಿನ್ ತಿರುಗ್ತಾ ಇದ್ರೂ ಆರ್‌ಪಿಎಂ ಸೊನ್ನೆ ತೋರಿಸಿದ್ರೆ ಅದೇ. ಆಮೇಲೆ, ಆಫ್ ಆಗುತ್ತೆ ಅಂತಷ್ಟೇ ಹೇಳ್ಬೇಡ. ಎಷ್ಟು ಹೊತ್ತು ಓಡಿದ ಮೇಲೆ, ಎಲ್ಲಿ, ಎಷ್ಟು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಆಯ್ತು, ಎಲ್ಲಾ ಬರ್ಕೊ.’

ಬರೆದುಕೊಂಡೆ. 26 ದಿನಗಳಲ್ಲಿ ಏಳು ಸಲ. ಏಳಕ್ಕೆ ಏಳೂ ಕನಿಷ್ಠ 35 ನಿಮಿಷ ಓಡಿದ ಮೇಲೆ. ಮೀಟರಿನಲ್ಲಿ ಆರ್‌ಪಿಎಂ ಸೊನ್ನೆ ಕಾಣುವ ಎರಡು ವಿಡಿಯೊ ಸಿಕ್ಕವು.

ಅಷ್ಟರಲ್ಲಿ ಭಾವ ಸಿಟ್ಟಿಗೆದ್ದಿದ್ದರು. ‘ಹೊಸ ಬೈಕ್ ಕೊಡಿ, ಇಲ್ಲಾ ದುಡ್ಡು ವಾಪಸ್ ಕೊಡಿ ಅಂತ ಕೂತ್ಕೊಳೋ ಅಲ್ಲೇ!’ ನನಗೂ ಹಾಗೇ ಅನ್ನಿಸಿತ್ತು. ಆದರೆ ಕಾನೂನು ಅಷ್ಟು ಸಲೀಸಾಗಿಲ್ಲ. ಕ್ಲಚ್ ಸಮಸ್ಯೆಯಿದ್ದ ಕಾರೊಂದರ ಪ್ರಕರಣದಲ್ಲಿ (ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್ಗೋತ್ರಾ, 2006) ಸುಪ್ರೀಂ ಕೋರ್ಟ್, ದೋಷವಿರುವ ಭಾಗವನ್ನು ಬದಲಿಸಿ ಸರಿಪಡಿಸಬಹುದಾದರೆ ಇಡೀ ವಾಹನ ಬದಲಿಸಿಕೊಡಿ ಎಂದು ಆದೇಶಿಸುವುದು ಸರಿಯಲ್ಲ ಎಂದಿತ್ತು. ನನ್ನ ಮಟ್ಟಿಗೆ ಇದು ಬೇಸರದ ಸುದ್ದಿಯಾದರೂ ಕೇಳಬೇಕಾದದ್ದು ಏನು ಎಂಬುದು ಸ್ಪಷ್ಟವಾಯಿತು. ಹೊಸ ಬೈಕ್ ಅಲ್ಲ, ದೋಷವಿರುವ ಆ ಭಾಗ ಹುಡುಕಿ ಬದಲಿಸಿ ಎಂಬ ಬೇಡಿಕೆ.

ಅದಕ್ಕೂ ಒಪ್ಪದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಇದು 2020ರ ಜುಲೈ 20ರಿಂದ ಜಾರಿಯಲ್ಲಿದೆ. ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಕಣ್ಣಿಗೆ ಕಾಣದ ದೋಷವಾದರೆ ಅದನ್ನು ಪರೀಕ್ಷೆಗೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ. ಆದರೆ ಬಂದು ಹೋಗುವ ಇಂಥ ರೋಗ ಪರೀಕ್ಷೆಯ ದಿನ ಬಾರದೇ ಇದ್ದರೆ? ಆಗ ಕೈಯಲ್ಲಿ ಉಳಿಯುವುದು ಒಂದೇ ದೂರು ಮತ್ತೆ ಮತ್ತೆ ದಾಖಲಾದ ಜಾಬ್ ಕಾರ್ಡ್‌ಗಳು. ನನ್ನ ಹತ್ತಿರ ಅಂಥವು ಮೂರಿದ್ದವು.

ಇನ್ನೂ ಒಂದು ವಿಷಯ ಹುಡುಕಿದೆ. ಒಂದೇ ದೋಷ ಸಾವಿರಾರು ಬೈಕುಗಳಲ್ಲಿದ್ದರೆ ಕಂಪನಿಯೇ ವಾಪಸ್ ಕರೆಸಬೇಕಾಗುತ್ತದೆ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್ ದೋಷದ ಕಾರಣಕ್ಕೆ 2,36,966 ಬೈಕುಗಳನ್ನು ತಪಾಸಣೆಗೆ ಕರೆಸಿತ್ತು. ಒಬ್ಬ ಸರಬರಾಜುದಾರ ಕೊಟ್ಟ ಒಂದು ತಂಡದ ಬಿಡಿಭಾಗ ಕೆಟ್ಟರೆ ಎಷ್ಟು ದೂರ ಹೋಗುತ್ತದೆ ನೋಡಿ. ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯಂತೆ, 2021ರ ಏಪ್ರಿಲ್‌ನಿಂದ ಸರ್ಕಾರವೇ ಕಡ್ಡಾಯವಾಗಿ ರೀಕಾಲ್‌ಗೆ ಆದೇಶಿಸಬಹುದು. ನನ್ನದು ಬೇರೆ ಕಂಪನಿಯ ಬೈಕು. ಚಾಸಿ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿದೆ, ರೀಕಾಲ್ ಇರಲಿಲ್ಲ.

ಕೊನೆಗೆ ಶೋರೂಂಗೆ ಅಲ್ಲ, ನೇರವಾಗಿ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿದೆ. ಬೈಗುಳವಿಲ್ಲದ ಹದಿಮೂರು ಸಾಲು. ಜೊತೆಗೆ ಮೂರು ಜಾಬ್ ಕಾರ್ಡ್, ಏಳು ದಿನದ ಪಟ್ಟಿ, ಎರಡು ವಿಡಿಯೊ. ‘15 ದಿನದೊಳಗೆ ಸರಿಯಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ’ ಎಂಬುದು ಕೊನೆಯ ಸಾಲು. ನಾಲ್ಕನೇ ದಿನ ಅದೇ ಅಡ್ವೈಸರ್ ಫೋನ್ ಮಾಡಿದರು. ದನಿ ಬದಲಾಗಿತ್ತು: ‘ಸರ್, ಕಂಪನಿ ಎಂಜಿನಿಯರ್ ಬರ್ತಿದಾರೆ, ಗಾಡಿ ತಗೊಂಡ್ ಬನ್ನಿ.’

ಬೆಳಿಗ್ಗೆ ಬಿಡಲು ಹೇಳಿದ್ದರು. ನಾನು ಕೆಲಸ ಮುಗಿಸಿ ಮಧ್ಯಾಹ್ನ, ಬಿಸಿ ಬೈಕನ್ನೇ ಒಯ್ದೆ. ಎಂಜಿನಿಯರ್ ಮಾತು ಕಡಿಮೆ. ವಿಡಿಯೊ ಎರಡು ಸಲ ನೋಡಿದರು, ಸ್ಕ್ಯಾನರ್ ಜೋಡಿಸಿದರು, ಸ್ಟ್ಯಾಂಡ್ ಹಾಕಿ ಎಂಜಿನ್ ಓಡಲು ಬಿಟ್ಟು ಪಕ್ಕದಲ್ಲೇ ಕುಳಿತರು. ಇಪ್ಪತ್ತೆರಡನೇ ನಿಮಿಷಕ್ಕೆ ಅವರ ಕಣ್ಣೆದುರೇ ನಿಂತಿತು. ಅಡ್ವೈಸರ್ ಆ ಕಡೆ ತಿರುಗಿಕೊಂಡರು. ನನ್ನ ಬೈಕು ಕೆಟ್ಟಿದ್ದಕ್ಕೆ ನನಗೆ ಅಷ್ಟು ಖುಷಿಯಾದದ್ದು ಅದೇ ಮೊದಲು.

ಪಲ್ಸರ್ ಕಾಯಿಲ್ ಬರಲು ಐದು ದಿನ ಹಿಡಿಯಿತು. ಬದಲಿ ಬೈಕ್ ಕೇಳಿದೆ, ಕೊಡಲಿಲ್ಲ. ಭಾವನ ಹಳೇ ಸ್ಕೂಟರ್ ಆ ಐದು ದಿನ ನನ್ನ ಕೆಲಸ ಉಳಿಸಿತು. ಬಿಡಿಭಾಗಕ್ಕಾಗಲಿ ಕೂಲಿಗಾಗಲಿ ದುಡ್ಡು ತೆಗೆದುಕೊಳ್ಳಲಿಲ್ಲ. ಹೋದ ಪೆಟ್ರೋಲ್, ತಡವಾದ ದಿನಗಳ ಇನ್ಸೆಂಟಿವ್ ಸೇರಿ ಸುಮಾರು 3,200 ರೂಪಾಯಿ ನಷ್ಟ. ಅದನ್ನು ಕೇಳಿದ್ದಕ್ಕೆ ಮುಂದಿನ ಸರ್ವಿಸ್‌ನಲ್ಲಿ ಆಯಿಲ್ ಫ್ರೀ ಅಂದರು. ಕ್ಷಮೆ ಯಾರೂ ಕೇಳಲಿಲ್ಲ.

ಡೆಲಿವರಿ ದಿನ ಜಾಬ್ ಕಾರ್ಡ್‌ನಲ್ಲಿ ಬರೆದಿದ್ದದ್ದು ‘ಚೆಕ್ ಮಾಡಿದೆ, ಓಕೆ’ ಎಂದಷ್ಟೇ. ಬದಲಿಸಿದ ಭಾಗದ ಹೆಸರು, ಪಾರ್ಟ್ ನಂಬರ್, ‘ವಾರಂಟಿಯಡಿ’ ಎಂಬ ಪದ ಸೇರಿಸುವವರೆಗೆ ಕೌಂಟರ್ ಬಿಟ್ಟು ಕದಲಲಿಲ್ಲ. ಹಳೇ ಕಾಯಿಲ್ ನೋಡಬೇಕೆಂದೆ. ಅದು ಕಂಪನಿಗೆ ವಾಪಸ್ ಹೋಗಬೇಕು, ಕೊಡಲಾಗದು ಎಂದರು. ಫೋಟೊಗೆ ಒಪ್ಪಿದರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು.

ಈಗ ಬೈಕು 4,800 ಕಿ.ಮೀ. ದಾಟಿದೆ, ಒಮ್ಮೆಯೂ ನಿಂತಿಲ್ಲ. ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆಯಿತು. ಕಳೆದ ವಾರ ಗ್ಯಾರೇಜಿನ ಅಣ್ಣ ಕರೆದು ‘ಆ ಕಾರ್ಡ್ ಇದ್ಯಾ?’ ಅಂದ. ಅದೇ ಮಾಡೆಲ್ ಬೈಕಿನ ಡಿಗ್ರಿ ಹುಡುಗನೊಬ್ಬ ಕೋಳಿ ಫಾರಂ ಗೇಟ್‌ನಿಂದ ತಳ್ಳಿಕೊಂಡು ಬಂದು ಅಲ್ಲಿ ಕುಳಿತಿದ್ದ. ನಾಲ್ಕು ಜಾಬ್ ಕಾರ್ಡ್‌ಗಳ ಫೋಟೊವನ್ನೂ ಆ ಹದಿಮೂರು ಸಾಲಿನ ಇಮೇಲನ್ನೂ ಅವನ ವಾಟ್ಸ್‌ಆ್ಯಪ್‌ಗೆ ಕಳಿಸಿದೆ.