ಹೊಲದ ಮಣ್ಣಿನ ಬೆಲೆ

ದೇವನಹಳ್ಳಿ ತಾಲ್ಲೂಕಿನಲ್ಲಿ ಬೂದಿಗೆರೆ ಎಂಬ ಊರಿದೆ. ಅದರ ಸುತ್ತಲಿನ ಸೀಮೆ ಏರಿಳಿತಗಳಿಂದ ಕೂಡಿದ ಕೆಂಪು ಮಣ್ಣಿನ ಬಯಲು. ದಿಣ್ಣೆಗಳ ಮೇಲೆ ರಾಗಿಯ ಹೊಲಗಳು, ತಗ್ಗಿನಲ್ಲಿ ಕೆರೆಗಳು. ಇದು ಇಲ್ಲಿನ ನೆಲದ ಸಾಮಾನ್ಯ ರೂಪ. ಮುಂಗಾರಿನ ಬಿರುಮಳೆ ಬಿದ್ದೊಡನೆ ಇಂತಹ ಹೊಲವೊಂದರ ಅಂಚಿನಲ್ಲಿ ನಿಂತು ನೋಡಿದರೆ, ಕೆಳಗೆ ಹರಿಯುವ ನೀರು ಕೆಂಪಾಗಿ ಕಾಣುತ್ತದೆ. ಮಳೆಯ ನೀರಿಗೆ ಬಣ್ಣವಿಲ್ಲ. ಹಾಗಾದರೆ ಆ ಕೆಂಪು ಎಲ್ಲಿಂದ ಬಂದಿತು? ಅದು ರೈತನ ಹೊಲದ ಮೇಲ್ಮಣ್ಣು.

ಮಳೆಗಾಲದ ಆರಂಭದಲ್ಲಿ ಉತ್ತ ಹೊಲ ಬರಿದಾಗಿರುತ್ತದೆ. ಪೈರಿನ ಮರೆಯಿಲ್ಲದ ನೆಲವನ್ನು ಮಳೆಹನಿಗಳು ಬಡಿದು ಹೆಂಟೆಗಳನ್ನು ಪುಡಿಮಾಡುತ್ತವೆ. ಸಣ್ಣ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುವುದರಿಂದ, ಇಂಗಬೇಕಾದ ನೀರು ಮೇಲೆಯೇ ಹರಿಯತೊಡಗುತ್ತದೆ. ಅದು ಮೊದಲು ಒಯ್ಯುವುದು ಹಗುರವಾದ ಸಾವಯವ ಅಂಶವನ್ನು ಮತ್ತು ಜೇಡಿಯ ಕಣಗಳನ್ನು. ಪೈರಿನ ಪೋಷಕಾಂಶಗಳು ಹೆಚ್ಚಾಗಿ ಅಂಟಿಕೊಂಡಿರುವುದು ಇವುಗಳಲ್ಲಿಯೇ. ಆದುದರಿಂದ ಕೊಚ್ಚಿಹೋದ ಮಣ್ಣು ಉಳಿದ ಮಣ್ಣಿಗಿಂತ ಫಲವತ್ತಾದುದು.

1983ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16 ಟನ್ನುಗಳಿಗೂ ಹೆಚ್ಚು ಮಣ್ಣು ಸವೆಯುತ್ತದೆ. ಹೊಲದ ಮೇಲೆ ಹರಡಿದರೆ ಅದರ ದಪ್ಪ ಒಂದು ಮಿಲಿಮೀಟರನ್ನು ಸ್ವಲ್ಪ ಮೀರುತ್ತದೆ, ಅಷ್ಟೇ. ಇಷ್ಟು ತೆಳುವಾದ ಪದರ ಹೋದುದು ಯಾರ ಕಣ್ಣಿಗೂ ಬೀಳದು. ಆದರೆ ಇದೇ ಪ್ರಮಾಣದಲ್ಲಿ ಸವೆದರೆ ಇಪ್ಪತ್ತು ವರ್ಷಗಳಲ್ಲಿ ಸುಮಾರು ಒಂದು ಅಂಗುಲ ಮಣ್ಣು ಹೋಗುತ್ತದೆ. ಒಂದು ಅಂಗುಲ ಮಣ್ಣನ್ನು ನಿರ್ಮಿಸಲು ನಿಸರ್ಗಕ್ಕೆ ನೂರಾರು ವರ್ಷಗಳು ಬೇಕು.

ಈ ನಷ್ಟ ಯಾರ ಲೆಕ್ಕದ ಪುಸ್ತಕದಲ್ಲಿಯೂ ಮಣ್ಣಿನ ಹೆಸರಿನಲ್ಲಿ ಬರುವುದಿಲ್ಲ. ರೈತನಿಗೆ ಅದು ಗೊಬ್ಬರದ ಹೆಚ್ಚಿನ ಖರ್ಚಾಗಿ, ನಾಲ್ಕು ದಿನ ಮಳೆ ತಪ್ಪಿದರೆ ಬಾಡುವ ಪೈರಾಗಿ, ಕಣದಲ್ಲಿ ಕುಗ್ಗಿದ ರಾಶಿಯಾಗಿ ಕಾಣಿಸುತ್ತದೆ. ಊರಿಗೆ ಅದು ಕೆರೆಯ ಹೂಳಾಗಿ ಬರುತ್ತದೆ. ಹೂಳು ತುಂಬಿದಷ್ಟೂ ಕೆರೆ ಹಿಡಿಯುವ ನೀರು ಕಡಿಮೆಯಾಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಬಾವಿಗಳೂ ಅದರೊಡನೆ ಸೊರಗುತ್ತವೆ. ಹೀಗೆ ಒಂದೇ ಮಣ್ಣಿಗೆ ನಾವು ಎರಡು ಬಾರಿ ಬೆಲೆ ತೆರುತ್ತೇವೆ: ಅದು ಹೊಲವನ್ನು ಬಿಟ್ಟಾಗ ಒಮ್ಮೆ, ಅದನ್ನು ಕೆರೆಯಿಂದ ಎತ್ತುವಾಗ ಮತ್ತೊಮ್ಮೆ.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಬೇಸಗೆಯಲ್ಲಿ ಕೆರೆಗೋಡನ್ನು ಗಾಡಿಯಲ್ಲಿ ಹೇರಿ ಹೊಲಗಳಿಗೆ ಮರಳಿಸುತ್ತಿದ್ದರು. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲುಗಳನ್ನು ಬಿತ್ತಿ ನೆಲಕ್ಕೆ ಹೊದಿಕೆಯನ್ನು ಒದಗಿಸುತ್ತಿದ್ದರು. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಅಂಚಿನಲ್ಲಿ ಬೆಳೆಸಿದ ಲಾವಂಚದ ಬೇಲಿಗಳು ಮಣ್ಣನ್ನು ತಡೆಯುವ ರೀತಿ 1980ರ ದಶಕದಲ್ಲಿ ವಿಶ್ವ ಬ್ಯಾಂಕಿನ ತಜ್ಞರ ಗಮನವನ್ನೂ ಸೆಳೆಯಿತು.

ಆದರೆ ಒಬ್ಬನ ಶ್ರಮದಿಂದ ಈ ಕಾರ್ಯ ಪೂರ್ಣವಾಗದು. ದಿಣ್ಣೆಯ ಮೇಲಿನ ರೈತ ಬದು ಹಾಕಿದರೆ ಖರ್ಚು ಅವನದು. ಲಾಭದ ಬಹುಪಾಲು ಕೆಳಗಿನ ಹೊಲಗಳಿಗೂ ಕೆರೆಗೂ ಸಲ್ಲುತ್ತದೆ. ಅವನು ಹಾಕದಿದ್ದರೆ, ಕೆಳಗಿನವನು ಹಾಕಿದ ಬದು ಮೇಲಿನ ನೀರಿನ ರಭಸಕ್ಕೆ ಒಡೆಯುತ್ತದೆ. ನೀರು ಸರ್ವೆ ಕಲ್ಲುಗಳನ್ನು ನೋಡಿ ಹರಿಯುವುದಿಲ್ಲ. ಸರ್ಕಾರದ ಪಾತ್ರ ಅಗತ್ಯವಾಗುವುದು ಇಲ್ಲಿಯೇ. ಜಮೀನುಗಳ ಸುಧಾರಣೆ ಮತ್ತು ಮಣ್ಣಿನ ಸಂರಕ್ಷಣೆಗಾಗಿ ನಮ್ಮ ರಾಜ್ಯ 1961ರಲ್ಲಿಯೇ ಶಾಸನವನ್ನು ರಚಿಸಿತು. 1984ರಲ್ಲಿ ವಿಶ್ವ ಬ್ಯಾಂಕಿನ ನೆರವಿನ ಯೋಜನೆಯೊಂದು ಕನಕಪುರ ತಾಲ್ಲೂಕಿನ ಕಬ್ಬಾಳನಾಲಾ ಪ್ರದೇಶವನ್ನು ಆಯ್ದುಕೊಂಡಿತು. ಬಿಡಿ ಹೊಲಗಳ ಬದಲು, ಒಂದೇ ಹಳ್ಳಕ್ಕೆ ನೀರು ಹರಿಸುವ ಇಡೀ ಜಲಾನಯನ ಪ್ರದೇಶವೇ ಅದರ ಘಟಕವಾಯಿತು. 2000ದಲ್ಲಿ ಇದಕ್ಕಾಗಿ ಪ್ರತ್ಯೇಕ ಇಲಾಖೆ ರಚಿತವಾಯಿತು. 2001ರಲ್ಲಿ ಮಂಜೂರಾದ ಸುಜಲ ಯೋಜನೆ ಐದು ಜಿಲ್ಲೆಗಳಲ್ಲಿ ಗ್ರಾಮಸ್ಥರನ್ನೇ ಯೋಜನೆಯ ಪಾಲುದಾರರನ್ನಾಗಿ ಮಾಡಿತು.

ಇಂದು ಬೂದಿಗೆರೆಯ ಸೀಮೆಗೆ ಹೊಸ ಪ್ರಶ್ನೆಯೊಂದು ಎದುರಾಗಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಇಲ್ಲಿ ನೆಲಕ್ಕೆ ನಿವೇಶನದ ಬೆಲೆ ಬಂದಿದೆ. ಆ ಬೆಲೆ ಅಳತೆಯನ್ನು ನೋಡುತ್ತದೆಯೇ ಹೊರತು ಮಣ್ಣಿನ ಸಾರವನ್ನು ನೋಡುವುದಿಲ್ಲ. ನಾಳೆ ಮಾರಬಹುದಾದ ಹೊಲಕ್ಕೆ ಇಂದು ಬದು ಹಾಕುವವರು ಯಾರು? ಮಣ್ಣಿನ ನಿಜವಾದ ಬೆಲೆ ತಿಳಿಯುವುದು ಕೆರೆ ಬತ್ತಿದಾಗ, ರಾಗಿ ಕೈಕೊಟ್ಟಾಗ. ಅಲ್ಲಿಯವರೆಗೆ ಕಾಯದೆ, ಹರಿಯುವ ಕೆಂಪು ನೀರಿನಲ್ಲಿಯೇ ಅದನ್ನು ಓದಬಲ್ಲವನು ನಿಜವಾದ ಲೆಕ್ಕಿಗ.