ಬ್ರೌಸರಿನ ವಿಂಡೋವನ್ನು ಹಿಗ್ಗಿಸಿ ಕುಗ್ಗಿಸುವ ಬಗೆ

ಪರೀಕ್ಷೆಯ ಫಲಿತಾಂಶವನ್ನು ನೋಡುವದಕ್ಕೂ, ಪರಸ್ಥಳದಲ್ಲಿರುವ ಮಕ್ಕಳ ಪತ್ರವನ್ನು ಓದುವದಕ್ಕೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಂದೆತಾಯಿಗಳೂ ಈಗ ಕಂಪ್ಯೂಟರಿನಲ್ಲಿ ಬ್ರೌಸರನ್ನು ತೆರೆಯುತ್ತಾರೆ. ಅದರ ವಿಂಡೋ ಬೇಕಾದದ್ದಕ್ಕಿಂತ ದೊಡ್ಡದಾಗಿದ್ದರೆ ಅಂಚನ್ನು ಹಿಡಿದೆಳೆದು ಕುಗ್ಗಿಸುವೆವು, ಚಿಕ್ಕದಾಗಿದ್ದರೆ ಹಿಗ್ಗಿಸುವೆವು. ಈ ಅಲ್ಪ ಕಾರ್ಯದ ಹಿಂದೆ ಎಷ್ಟು ಏರ್ಪಾಡು ಇರುವದೆಂಬದನ್ನೂ, ಆ ಅಂಚು ಯಾರ ಸ್ವಾಧೀನದಲ್ಲಿರತಕ್ಕದ್ದೆಂಬದನ್ನೂ ಇಲ್ಲಿ ವಿವರಿಸುವೆವು.

ಈ ಅನುಕೂಲವು ಮೊದಲಿನಿಂದಲೂ ಇದ್ದದ್ದಲ್ಲ. 1984ರಲ್ಲಿ ಹೊರಬಂದ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಯಂತ್ರದಲ್ಲಿ ವಿಂಡೋವಿನ ಬಲಗಡೆಯ ಕೆಳಮೂಲೆಯೊಂದನ್ನೇ ಹಿಡಿದು ಅಳತೆಯನ್ನು ಬದಲಿಸಬೇಕಾಗಿತ್ತು. ಆ ಮೂಲೆಯು ಪರದೆಯಿಂದಾಚೆಗೆ ಸರಿದಿದ್ದರೆ ಮೊದಲು ವಿಂಡೋವನ್ನೇ ಎಳೆದು ತರಬೇಕಾಗುತ್ತಿತ್ತು. ಯಾವ ಅಂಚನ್ನಾದರೂ ಹಿಡಿದೆಳೆಯುವ ಸೌಕರ್ಯವು ಆ ಯಂತ್ರಗಳಿಗೆ ದೊರೆತದ್ದು 2011ರಲ್ಲಿ, ಲಯನ್ ಎಂಬ ಆವೃತ್ತಿಯೊಡನೆ.

ಇನ್ನು ಇದರ ಕ್ರಮವನ್ನು ನೋಡೋಣ. ನಾಲ್ಕು ಅಂಚುಗಳೂ ನಾಲ್ಕು ಮೂಲೆಗಳೂ ಸೇರಿ ವಿಂಡೋವಿಗೆ ಎಂಟು ಹಿಡಿಕೆಗಳಿರುವವು. ವಿಂಡೋಸ್ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ಮೌಸಿನ ಬಾಣವು ಚಲಿಸಿದಂತೆಲ್ಲಾ ಸಿಸ್ಟಮು ಬ್ರೌಸರನ್ನು, “ಬಾಣದ ಕೆಳಗಿರುವದು ನಿನ್ನ ಯಾವ ಭಾಗ?” ಎಂದು ಪ್ರಶ್ನಿಸುವದು. “ಎಡ ಅಂಚು” ಎಂಬ ಉತ್ತರ ಬಂದೊಡನೆ ಬಾಣವು ಎರಡು ಮುಖದ ಬಾಣವಾಗಿ ಮಾರ್ಪಡುವದು. ಬಲ ಅಂಚನ್ನೆಳೆದರೆ ಅಗಲ ಮಾತ್ರ ಬದಲಾಗುವದು. ಎಡ ಅಂಚನ್ನೆಳೆದರಾದರೋ ಅಗಲದೊಡನೆ ವಿಂಡೋವಿನ ಸ್ಥಾನವೂ ಬದಲಾಗಬೇಕು, ಇಲ್ಲವಾದರೆ ಬಲ ಅಂಚು ತಾನಿದ್ದಲ್ಲಿ ನಿಲ್ಲಲಾರದು. ಗುಂಡಿಗಳೂ ವಿಳಾಸದ ಪಟ್ಟಿಯೂ ಅಡಗಿಹೋಗದಂತೆ ಕುಗ್ಗುವಿಕೆಗೆ ಒಂದು ಮಿತಿಯನ್ನೂ ಗೊತ್ತುಮಾಡಬೇಕು.

ಕಣ್ಣಿಗೆ ಕಾಣುವ ಅಂಚು ಬಹು ಸಣ್ಣ ಗೆರೆ. ಗುರಿಯು ಚಿಕ್ಕದಾದಷ್ಟೂ ದೂರವಾದಷ್ಟೂ ಕೈಗೆ ಹೆಚ್ಚು ಸಮಯ ಹಿಡಿಯುವದೆಂದು ಅಮೇರಿಕದ ಮನಃಶಾಸ್ತ್ರಜ್ಞರಾದ ಪಾಲ್ ಫಿಟ್ಸ್ ಎಂಬವರು 1954ರಲ್ಲಿಯೇ ತೋರಿಸಿದರು. ಆದಕಾರಣ ಉಡುಪಿನ ಹೊಲಿಗೆಯ ಆಚೆ ಒಳಗಡೆ ಕೊಂಚ ಬಟ್ಟೆಯನ್ನು ಬಿಡುವಂತೆ, ಗೆರೆಯ ಆಚೆಗೂ ಕೆಲವು ಪಿಕ್ಸೆಲುಗಳಷ್ಟು ಕಾಣದ ಹಿಡಿಕೆಯನ್ನು ಬಿಟ್ಟಿರುವರು. 2008ರಲ್ಲಿ ಹೊರಬಂದ ಕ್ರೋಮ್ ಬ್ರೌಸರಿನಲ್ಲಿ ಟ್ಯಾಬುಗಳು ವಿಂಡೋವಿನ ನೆತ್ತಿಯ ಮೇಲೆಯೇ ಇರುವದರಿಂದ ಇಕ್ಕಟ್ಟು ಇನ್ನೂ ಹೆಚ್ಚು: ಅದೇ ಪಟ್ಟಿಯಲ್ಲಿ ಟ್ಯಾಬನ್ನು ಆರಿಸುವದು, ವಿಂಡೋವನ್ನು ಸರಿಸುವದು, ಅಳತೆಯನ್ನು ಬದಲಿಸುವದು, ಈ ಮೂರಕ್ಕೂ ಸ್ಥಳವನ್ನು ಹಂಚಬೇಕಾಯಿತು.

ಅಂಚನ್ನೆಳೆದ ಮೇಲೆ ಒಳಗಿನ ಪುಟವೂ ಹೊಸ ಅಗಲಕ್ಕೆ ಹೊಂದಬೇಕು. ಬ್ರೌಸರು ಸಾಲುಗಳನ್ನು ಪುನಃ ಮುರಿದು ಚಿತ್ರಗಳನ್ನು ಪುನಃ ಜೋಡಿಸುವದು. ಇಂದಿನ ಬ್ರೌಸರುಗಳಲ್ಲಿ ಚೌಕಟ್ಟಿನ ಕೆಲಸವೂ ಪುಟದ ಕೆಲಸವೂ ಬೇರೆ ಬೇರೆಯಾಗಿ ನಡೆಯುವದರಿಂದ ಪುಟವು ಹಿಂದೆ ಬಿದ್ದರೆ ಅಂಚಿನ ಬಳಿ ಕ್ಷಣಕಾಲ ಬರಿಯ ಪಟ್ಟಿಯೊಂದು ಕಾಣಿಸುವದು.

ಅಂಚು ಯಾರದೆಂಬ ಪ್ರಶ್ನೆಯು ಇಲ್ಲಿಯೇ ಹುಟ್ಟುವದು. ಪುಟವನ್ನು ಬರೆದವರೂ ಒಂದು ಆಜ್ಞೆಯಿಂದ ವಿಂಡೋವಿನ ಅಳತೆಯನ್ನು ಬದಲಿಸಬಹುದಾಗಿತ್ತು. ಓದುತ್ತಿದ್ದ ವಿಂಡೋವು ಕೇಳದೆಯೇ ಹಿಗ್ಗುವದೂ ಕುಗ್ಗುವದೂ ಒಂದು ಉಪದ್ರವವಾಯಿತು. 2011ರ ಫೈರ್‌ಫಾಕ್ಸ್ 7ನೆಯ ಆವೃತ್ತಿಯಿಂದ, ಪುಟದ ಆಜ್ಞೆಯಿಂದಲೇ ತೆರೆದುಕೊಂಡಿರದ ವಿಂಡೋವಿನ ಅಳತೆಯನ್ನು ಪುಟವು ಬದಲಿಸಕೂಡದೆಂದು ನಿಯಮವಾಯಿತು. ಇದು ನ್ಯಾಯವೇ ಸರಿ. ಪುಸ್ತಕವನ್ನು ಎಷ್ಟು ದೂರದಲ್ಲಿ ಹಿಡಿಯಬೇಕೆಂಬದನ್ನು ಓದುವವರೇ ನಿರ್ಣಯಿಸತಕ್ಕದ್ದಲ್ಲವೇ?

ಹಾಗಾದರೆ ಪುಟವನ್ನು ಬರೆಯುವವರಿಗೆ ಉಳಿದ ಕರ್ತವ್ಯವು ಹೊಂದಿಕೊಳ್ಳುವದು. 2018ರಲ್ಲಿ ಪ್ರಕಟವಾದ ವೆಬ್ ಸುಗಮತೆಯ ಅಂತರರಾಷ್ಟ್ರೀಯ ಸೂತ್ರಗಳ 2.1ನೆಯ ಆವೃತ್ತಿಯು, ಸಾಮಾನ್ಯ ಬರಹವು 320 ಪಿಕ್ಸೆಲ್ ಅಗಲದಲ್ಲಿಯೂ ಅಡ್ಡಲಾಗಿ ಸರಿಸದೆ ಓದಲು ಬರುವಂತಿರಬೇಕೆಂದು ಹೇಳುವದು. 1280 ಪಿಕ್ಸೆಲ್ ಅಗಲದ ವಿಂಡೋವಿನಲ್ಲಿ ದೃಷ್ಟಿ ಮಂದವಾದ ತಾಯಿಯೊಬ್ಬಳು ಅಕ್ಷರಗಳನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಪುಟಕ್ಕೆ ಉಳಿಯುವ ಅಗಲ ಅಷ್ಟೇ. ಪುಟವು ಹೊಂದಿಕೊಳ್ಳದಿದ್ದರೆ ಆಕೆ ಪ್ರತಿಯೊಂದು ಸಾಲಿಗೂ ಎಡಕ್ಕೂ ಬಲಕ್ಕೂ ಸರಿಸುತ್ತಾ ಕೊನೆಗೆ ಓದುವದನ್ನೇ ಬಿಟ್ಟುಬಿಡುವಳು.

ಕೈ ನಡುಗುವವರಿಗೆ ಅಂಚನ್ನು ಹಿಡಿಯುವದೇ ಕಷ್ಟ. ಅಂಥವರು ವಿಂಡೋಸಿನಲ್ಲಿ ಆಲ್ಟ್ ಕೀಲಿಯನ್ನೊತ್ತಿ ಹಿಡಿದು ಸ್ಪೇಸ್ ಕೀಲಿಯನ್ನೊತ್ತಿ, ಬರುವ ಪಟ್ಟಿಯಲ್ಲಿ ಸೈಜ್ ಎಂಬದನ್ನು ಆರಿಸಿ, ಬಾಣದ ಕೀಲಿಗಳಿಂದ ಅಳತೆಯನ್ನು ಬದಲಿಸಿ ಎಂಟರ್ ಒತ್ತಿದರೆ ಸಾಕು. ವಿಂಡೋವು ಪರದೆಯನ್ನೆಲ್ಲಾ ತುಂಬಿಕೊಂಡಿದ್ದರೆ ಮೊದಲು ಅದೇ ಪಟ್ಟಿಯ ರಿಸ್ಟೋರ್ ಎಂಬದನ್ನು ಆರಿಸಬೇಕು. ಹೆಣ್ಣುಮಕ್ಕಳೇ, ಇದನ್ನು ನಿಮ್ಮ ಮನೆಯ ಹಿರಿಯರಿಗೆ ಒಮ್ಮೆ ಕಲಿಸಿಕೊಡಿರಿ. ನಿಮ್ಮಲ್ಲಿ ಪುಟಗಳನ್ನೂ ಬ್ರೌಸರುಗಳನ್ನೂ ರಚಿಸುವ ಉದ್ಯೋಗದಲ್ಲಿರುವವರು, ಕೆಲಸವನ್ನು ಮುಗಿಸುವ ಮುನ್ನ ವಿಂಡೋವನ್ನು ಆದಷ್ಟು ಕುಗ್ಗಿಸಿ, ಅಕ್ಷರವನ್ನು ನಾಲ್ಕು ಪಟ್ಟು ಹಿಗ್ಗಿಸಿ, ಮೌಸನ್ನು ಮುಟ್ಟದೆ ಓದಿ ನೋಡಬೇಕೆಂದು ಕೋರುವೆವು.